ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಸಾಕೇ?

ಪ್ರಶ್ನೆ: ರೈಜೆನ್ 5 5600ಜಿ ಪ್ರೊಸೆಸರ್ ಹಾಕಿ ಮನೆಯಲ್ಲೇ ಕಂಪ್ಯೂಟರ್ ಜೋಡಿಸಬೇಕೆಂದಿದ್ದೇನೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕ್ಯಾಬಿನೆಟ್ ಜೊತೆಗೇ 450 ವ್ಯಾಟ್ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಡಬ್ಬಿ) ಕೊಡ್ತಾರಂತೆ. ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕುವ ಆಸೆಯೂ ಇದೆ. ಸಾಕಲ್ಲವೇ?

ಉತ್ತರ: ಈ ಪ್ರಶ್ನೆ ಬಾರದ ವಾರವಿಲ್ಲ. ದಪ್ಪಕ್ಷರದ 450 ಬಿಡಿ. ಪಕ್ಕದ ಲೇಬಲ್ಲಿನಲ್ಲಿ +12ವಿ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ, 12ರಿಂದ ಗುಣಿಸಿ. 16 ಇದ್ದರೆ ಸಿಗುವುದು 192 ವ್ಯಾಟ್, ಅದೂ ಲೇಬಲ್ ಸುಳ್ಳು ಹೇಳದಿದ್ದರೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಊಟ ಬರುವುದು ಇದೇ ಲೈನಿನಿಂದ. ಉಳಿದದ್ದು 3.3 ಮತ್ತು 5 ವೋಲ್ಟ್ ಲೈನುಗಳನ್ನು ಕೂಡಿಸಿ ತುಂಬಿಸಿದ ಲೆಕ್ಕ. ಸಾಚಾ 450 ವ್ಯಾಟಿನದರಲ್ಲಿ 12 ವೋಲ್ಟಿಗೆ 33ರಿಂದ 37 ಆಂಪಿಯರ್ ಇರುತ್ತದೆ. ಹಿಂಬದಿ 115/230ರ ಕೆಂಪು ಸ್ವಿಚ್ ಕಂಡರೆ ವಾಪಸ್ ಕೊಡಿ: ಹಳೇ ವಿನ್ಯಾಸ, ಯಾರಾದರೂ ಅದನ್ನು 115ಕ್ಕೆ ತಳ್ಳಿ ಆನ್ ಮಾಡಿದರೆ ಢಂ ಅನ್ನುತ್ತದೆ.

5600ಜಿ ಹೆಚ್ಚೆಂದರೆ 88 ವ್ಯಾಟ್ ಎಳೆಯುತ್ತದೆ; ಕಾರ್ಡ್ ಇಲ್ಲದ ಇಡೀ ಯಂತ್ರ 150 ದಾಟುವುದು ಕಷ್ಟ. ಹಾಗಾಗಿ ಪುಕ್ಕಟೆಯದೂ ಆನ್ ಆಗುತ್ತದೆ, ಜನ ಮೋಸ ಹೋಗುವುದೇ ಇಲ್ಲಿ. ಕಾರ್ಡ್ ಹಾಕಿದ ಮೇಲೆ ಲೋಡ್ ಏರಿ 12 ವೋಲ್ಟ್ ಕುಸಿಯುತ್ತದೆ, ಆಟದ ನಡುವೆ ರೀಸ್ಟಾರ್ಟ್. ಆಗ ವಿಂಡೋಸ್‌ಗೆ ಬೈದು ಮೂರು ಸಲ ಫಾರ್ಮ್ಯಾಟ್ ಮಾಡುತ್ತಾರೆ! ಕಾರ್ಡಿಗೆ ಬೇಕಾದ 8 ಪಿನ್ ವೈರ್ ಇಲ್ಲವೆಂದು ಅಂಗಡಿಯವನು ಮೋಲೆಕ್ಸ್ (ಹಳೇ ಕಾಲದ 4 ಪಿನ್ ಕನೆಕ್ಟರ್) ಕನ್ವರ್ಟರ್ ಕೊಟ್ಟರೆ ಮುಟ್ಟಬೇಡಿ. 8 ಪಿನ್ ಕನೆಕ್ಟರ್ 150 ವ್ಯಾಟ್‌ವರೆಗೆ ಎಳೆಯಬಹುದು. ಮೋಲೆಕ್ಸ್ ಕಾಯ್ದು, ಬಿಳಿ ಪ್ಲಾಸ್ಟಿಕ್ ಕಂದಾಗಿ, ಕರಗುತ್ತದೆ.

ಎಸ್‌ಎಂಪಿಎಸ್‌ನ ಹಸಿರು ತಂತಿಗೆ ಕಪ್ಪು ತಂತಿ ತಾಗಿಸಿದಾಗ ಫ್ಯಾನ್ ತಿರುಗಿತೆಂದು 'ಟೆಸ್ಟ್ ಪಾಸ್' ಅನ್ನುವ ಮಹಾಶಯರಿದ್ದಾರೆ. ಲೋಡ್ ಇಲ್ಲದೆ ಎದ್ದು ಕೂತಿತು, ಅಷ್ಟೇ.

80 ಪ್ಲಸ್ ಗುರುತಿರುವ 450–550 ವ್ಯಾಟಿನದನ್ನು ಬೇರೆಯಾಗಿಯೇ ಕೊಳ್ಳಿ. ಆ ಗುರುತು ಕರೆಂಟ್ ಎಷ್ಟು ಪೋಲಾಗುತ್ತದೆಂದು ಮಾತ್ರ ಹೇಳುತ್ತದೆ, ರಕ್ಷಣೆಯ ಮಾತಿಲ್ಲ. ಓವರ್‌ವೋಲ್ಟೇಜ್, ಶಾರ್ಟ್ ಸರ್ಕ್ಯೂಟ್ ರಕ್ಷಣೆ, ಕನಿಷ್ಠ 3 ವರ್ಷದ ವಾರಂಟಿ ಕೇಳಿ. 750 ಬೇಡ. ದುಡ್ಡು ಸಾಲದಿದ್ದರೆ ಬಣ್ಣದ ಲೈಟಿನ ಕ್ಯಾಬಿನೆಟ್ ಬಿಡಿ.

ಪ್ರಶ್ನೆ: 16 ಜಿಬಿಯ ಒಂದೇ ರ‍್ಯಾಮ್ ಹಾಕಲೇ?

ಉತ್ತರ: 8ರದು ಎರಡು. ನಾಲ್ಕು ಸ್ಲಾಟಿನ ಬೋರ್ಡಾದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು.

ಪ್ರಶ್ನೆ: ಐ3 12100ಎಫ್ ಪ್ರೊಸೆಸರ್ ಹಾಕಿದೆ, ಡಿಸ್‌ಪ್ಲೇ ಬರ್ತಿಲ್ಲ.

ಉತ್ತರ: ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಬೋರ್ಡ್ ಸತ್ತಿಲ್ಲ, ಕಾರ್ಡ್ ತನ್ನಿ.

ಪ್ರಶ್ನೆ: ಪ್ರೊಸೆಸರ್ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್?

ಉತ್ತರ: ಹಲ್ಲಿಗೆ.

ಪ್ರಶ್ನೆ: ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ. ಕೆಳಗೆ ರಬ್ಬರ್ ಮ್ಯಾಟ್ ಹಾಕಿದರೆ ಸಾಕೇ?

ಉತ್ತರ: ಸಾಲದು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಸೋರುವ ಕರೆಂಟ್ ಅರ್ತ್ ಮೂಲಕ ಇಳಿಯಬೇಕು. ನಿಮ್ಮ ಸಾಕೆಟ್ಟಿನ ಮೂರನೇ ತೂತಿಗೆ ತಂತಿಯೇ ಇಲ್ಲದಿರಬಹುದು. ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಕಂಪ್ಯೂಟರ್ ಆಮೇಲೆ.