ಫ್ಲೋ ಸೈಟೋಮೀಟರ್ ಇಲ್ಲದ ಊರಲ್ಲಿ ಎಂ.ಎಸ್ಸಿ. ಮಾಡಿ ಇಮ್ಯುನಾಲಜಿಗೆ ಹೋಗಬಹುದಾ?

ಕಲಬುರಗಿ, ಎಂ.ಎಸ್ಸಿ. ಕೊನೇ ವರ್ಷ, ವಿಭಾಗದಲ್ಲಿ ಫ್ಲೋ ಸೈಟೋಮೀಟರ್ (ಬಣ್ಣ ಹಚ್ಚಿದ ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಎಣಿಸೋ ಯಂತ್ರ) ಇಲ್ಲ, ಬೆಂಗಳೂರಿಗೆ ಹೋಗದಿದ್ದರೆ ಎಲ್ಲಾ ಮುಗೀತು ಅನ್ನೋ ಹೆದರಿಕೆ, 'ಎಲ್ಲಿ ಹೋಗಲಿ' ಅನ್ನೋ ಪ್ರಶ್ನೆ: ಇದು ನಿಮ್ಮ ಸ್ಥಿತಿ. ನಾನೂ ಹಂಗೇ ಇದ್ದೆ ರೀ. ಆದರೆ ನನ್ನ ಒಂದೂವರೆ ವರ್ಷ ನುಂಗಿದ್ದು ಯಂತ್ರ ಸಿಕ್ಕ ಮೇಲೆ ಮಾಡಿದ ತಪ್ಪು.

ಇಲಿಯ ಶ್ವಾಸಕೋಶದಲ್ಲಿ ನೆಲೆಸಿರುವ ಟಿ ಕೋಶಗಳನ್ನು (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ಕಣ) ಎಣಿಸಬೇಕಿತ್ತು. ಬಲ ಹೃತ್ಕುಕ್ಷಿಗೆ ಸೂಜಿ ಚುಚ್ಚಿ 10 ಮಿ.ಲೀ. ತಣ್ಣನೆ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ಹರಿಸುತ್ತಿದ್ದೆ. ಶ್ವಾಸಕೋಶ ಬೆಳ್ಳಗಾಯ್ತು, ಅಂದರೆ ರಕ್ತ ಹೋಯ್ತು ಅಂದುಕೊಂಡೆ. ಹೋದದ್ದು ಕೆಂಪು ಕಣ ಮಾತ್ರ. ಲೋಮನಾಳಗಳಲ್ಲಿ ಸಿಕ್ಕಿಕೊಂಡ ಬಿಳಿ ಕಣಗಳು ಅಲ್ಲೇ ಉಳೀತಾವ. ಆಮೇಲೆ ಚೂರು ಮಾಡಿ, ಅಂಗಾಂಶ ಬಿಡಿಸುವ ಕಿಣ್ವವಾದ ಕೊಲಾಜಿನೇಸ್‌ನಲ್ಲಿ 37 ಡಿಗ್ರಿಗೆ ಇಟ್ಟರೆ ನಾಳದವೂ ಅಂಗಾಂಶದವೂ ಒಂದೇ ಟ್ಯೂಬಿನಲ್ಲಿ! ಬಿಳಿ ಕಣಗಳ ಮೇಲ್ಮೈ ಗುರುತಾದ ಸಿಡಿ45 ಪ್ರೋಟೀನು ಎರಡರ ಮೇಲೂ ಇರುತ್ತದೆ, ಬೇರ್ಪಡಿಸೋದು ಹೆಂಗ? ನಾನು 'ನಿವಾಸಿ' ಅಂತ ಬರೆದವುಗಳಲ್ಲಿ ಬಹುಪಾಲು ದಾರಿಹೋಕರು.

ಇದಕ್ಕೆ ಪರಿಹಾರ 2012ರಲ್ಲೇ ಪ್ರಕಟವಾಗಿತ್ತು. ಇಲಿಯನ್ನು ಕೊಲ್ಲುವ 3 ನಿಮಿಷ ಮುಂಚೆ ಬಾಲದ ರಕ್ತನಾಳಕ್ಕೆ ಬಣ್ಣ ಕಟ್ಟಿದ, ಸಿಡಿ45ಗೆ ಅಂಟಿಕೊಳ್ಳುವ ಆಂಟಿಬಾಡಿ 3 ಮೈಕ್ರೋಗ್ರಾಂ ಚುಚ್ಚಬೇಕು. ಬಣ್ಣ ಹತ್ತಿದವು ನಾಳದವು, ಹತ್ತದವು ಅಂಗಾಂಶದವು. ತಡಮಾಡಿದರೆ ಆಂಟಿಬಾಡಿ ಅಂಗಾಂಶಕ್ಕೂ ಸೋರುತ್ತದೆ. ಅದೇ ಇಲಿಯ ರಕ್ತವನ್ನೂ ಯಂತ್ರದಲ್ಲಿ ಓಡಿಸಿ ನೋಡಿ: ಅದರ ಬಿಳಿ ಕಣಗಳು ಹೆಚ್ಚುಕಡಿಮೆ ಎಲ್ಲವೂ ಬಣ್ಣ ಹಿಡಿದಿರಬೇಕು. ಇಲ್ಲದಿದ್ದರೆ ಸೂಜಿ ನಾಳ ತಪ್ಪಿದೆ, ಆ ಇಲಿಯ ಲೆಕ್ಕ ಬಿಟ್ಟುಬಿಡಿ. ಚುಚ್ಚದ ಒಂದು ಇಲಿ ಪಕ್ಕದಲ್ಲಿರಲಿ, ಗೇಟ್ (ಬಣ್ಣ ಹತ್ತಿದ್ದು, ಹತ್ತದ್ದು ಅಂತ ಬೇರ್ಪಡಿಸೋ ಗೆರೆ) ಎಳೆಯಲು. ಅಂಗಾಂಶ ಬಿಡಿಸಲು ಟ್ರಿಪ್ಸಿನ್ ಕಿಣ್ವ ಮಾತ್ರ ಬೇಡ, ಮೇಲ್ಮೈ ಪ್ರೋಟೀನುಗಳನ್ನೇ ಕತ್ತರಿಸಿಬಿಡುತ್ತದೆ.

ಇದರಲ್ಲಿ ಯಂತ್ರದ ಜಾಣತನ ಎಲ್ಲಿದೆ ಹೇಳ್ರಿ? ಹಾಗಾಗಿ 'ಎಲ್ಲಿ ಹೋಗಲಿ' ಅನ್ನೋ ಪ್ರಶ್ನೆಯೇ ನನಗೆ ಸರಿ ಅನ್ನಿಸಲ್ಲ. ನೆಟ್ ಪರೀಕ್ಷೆ ಬರೀರಿ, ಸಂಶೋಧನೆಗೆ ಕೊಡೋ ಫೆಲೋಶಿಪ್ ಆದ ಜೆಆರ್‌ಎಫ್ ಬಂದರೆ ತಿಂಗಳಿಗೆ 37,000, ಲ್ಯಾಬ್ ಹುಡುಕೋದು ಸುಲಭವಾಗುತ್ತದೆ. ಅಲ್ಲೀತನಕ ಕೈ ಪಳಗಿಸಿ. ಮಟನ್ ಅಂಗಡಿಯಲ್ಲಿ ಮೇಕೆಯ ತಿಲ್ಲಿ ಕೇಳಿ ತನ್ನಿ, ಅದೇ ಗುಲ್ಮ. ಕೋಳಿಯದು ಬ್ಯಾಡ: ಅದರ ಕೆಂಪು ಕಣಕ್ಕೂ ಕೋಶಕೇಂದ್ರ ಇರುತ್ತದೆ, ಕೆಂಪು ಕಣ ಒಡೆಸೋ ಅಮೋನಿಯಂ ಕ್ಲೋರೈಡಿಗೆ ಸರಿಯಾಗಿ ಒಡೆಯಲ್ಲ. ಸಣ್ಣ ತುಂಡನ್ನು ಸಿರಿಂಜಿನ ಪಿಸ್ಟನ್ನಿನಿಂದ 70 ಮೈಕ್ರಾನ್ ಜಾಲರಿಯಲ್ಲಿ ಉಜ್ಜಿ, ಕೆಂಪು ಕಣ ಒಡೆಸಿ, ಟ್ರೈಪಾನ್ ಬ್ಲೂ ಹಾಕಿ ಹೀಮೋಸೈಟೋಮೀಟರಿನಲ್ಲಿ (ಕೋಶ ಎಣಿಸೋ ಗೆರೆ ಹಾಕಿದ ಗಾಜು) ಎಣಿಸಿ. ನೀಲಿ ಆದದ್ದು ಸತ್ತದ್ದು. ನೂರಕ್ಕೆ ತೊಂಬತ್ತು ಜೀವಂತ ಸಿಗೋತನಕ ಮತ್ತೆ ಮತ್ತೆ ಮಾಡ್ರಿ. ಅಂಗಡಿಗೆ ಹೋಗುವಾಗ ಐಸ್ ಡಬ್ಬಿ ಒಯ್ಯಿರಿ. ಏಪ್ರಿಲ್ ಬಿಸಿಲಲ್ಲಿ ಪ್ಲಾಸ್ಟಿಕ್ ಚೀಲದಾಗ ತಂದರೆ ಎಲ್ಲಾ ನೀಲಿಯೇ ಕಾಣೋದು.