ದೋಣಿ ಬೋರಲು ಹಾಕಲು ಟ್ರ್ಯಾಕ್ಟರ್ ಬೇಡ

ಪ್ರಶ್ನೆ: ಗೊರೂರು ಹಿನ್ನೀರಿನಲ್ಲಿ ನಮ್ಮದೊಂದು 14 ಅಡಿಯ ಮರದ ದೋಣಿ ಇದೆ. ತಳಕ್ಕೆ ಬಣ್ಣ ಹೊಡೆಯಬೇಕು. ಜನ ಸಿಗುತ್ತಿಲ್ಲ. ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿ ಮಗುಚಬಹುದಾ?

ಉತ್ತರ: ಬೇಡ. ಹೇಮಾವತಿ ನೀರು ಇಳಿದ ಕೂಡಲೇ ಪ್ರತಿ ಬೇಸಿಗೆಯಲ್ಲೂ ಇದೇ ಪ್ರಶ್ನೆ ಬರುತ್ತದೆ. ಜನ ಸಿಗದಿದ್ದರೆ ಸಿಗುವವರೆಗೆ ಕಾಯಿರಿ.

ನೀರಿನಲ್ಲಿದ್ದಾಗ ದೋಣಿಯ ಭಾರವನ್ನು ನೀರು ತಳದುದ್ದಕ್ಕೂ ಹೊತ್ತಿರುತ್ತದೆ. ಪಕ್ಕಕ್ಕೆ ಎತ್ತಿದ ಕೂಡಲೇ ಅಷ್ಟೂ ಭಾರ ಒಂದೇ ಅಂಚಿನ ಮೇಲೆ ಬೀಳುತ್ತದೆ. ಮೊಳೆ ಸಡಿಲವಾಗುವುದು, ಹಲಗೆ ಸಂದು ಬಿಡುವುದು ಆಗಲೇ. ಹಲಗೆ ಕಿರ್ ಅಂದದ್ದು ಟ್ರ್ಯಾಕ್ಟರ್ ಓಡಿಸುವವನಿಗೆ ಕೇಳಿಸುವುದಿಲ್ಲ. ಕೈಯಲ್ಲಿ ಹಿಡಿದವನಿಗೆ ತಕ್ಷಣ ಗೊತ್ತಾಗುತ್ತದೆ.

ಮೊದಲು ದೋಣಿಯನ್ನು ದಡಕ್ಕೆಳೆದು ನೆರಳಿನಲ್ಲಿ ಕೆಲವು ದಿನ ಬಿಡಿ. ನೀರು ಕುಡಿದ ಮರದ ಭಾರ ಜಾಸ್ತಿ. ಆಮೇಲೆ ನೆಲಕ್ಕೆ ತಾಗುವ ಅಂಚಿನ ಕೆಳಗೆ ಹಳೆ ಟೈರು, ಹುಲ್ಲು ತುಂಬಿದ ಗೋಣಿಚೀಲ ಹಾಸಿ. ಹಗ್ಗವನ್ನು ಕೂರುವ ಹಲಗೆಗೆ ಕಟ್ಟಬೇಡಿ, ಕಿತ್ತು ಬರುತ್ತದೆ. ದೋಣಿಯ ಮೈಸುತ್ತ ಬಳಸಿ ಕಟ್ಟಿ. ನಿಮ್ಮ ದೋಣಿಗೆ ಆರು ಜನ ಬೇಕು, ಕೂಗಿ ಹೇಳುವವನು ಮಾತ್ರ ಒಬ್ಬನೇ ಇರಲಿ.

ಒಂದೇ ಉಸಿರಿಗೆ ಮಗುಚಬೇಡಿ. ಅಂಚಿನ ಮೇಲೆ ನಿಲ್ಲಿಸಿ, ಎರಡೂ ಕಡೆ ಗೂಟ ಕೊಟ್ಟು, ಸುಧಾರಿಸಿಕೊಳ್ಳಿ. ಮೇಲಿನ ಅಂಚು ಬಂದು ಕೂರುವ ಕಡೆ ಎರಡು ದಿಮ್ಮಿ ಇಡಿ. ಇನ್ನು ಗೂಟ ತೆಗೆದು, ತಳದ ಕಡೆ ನಿಂತವರು ಹಗ್ಗವನ್ನು ನಿಧಾನವಾಗಿ ಸಡಿಲಿಸಲಿ. ಎದುರಿನವರು ಮೂತಿ ಮತ್ತು ಹಿಂಬದಿಯ ತುದಿಗಳಲ್ಲಿ ಮಾತ್ರ ಹಿಡಿಯಲಿ. ದೋಣಿಯ ತೆರೆದ ಬದಿಯ ನಡುವಿಗೆ ಎದುರಾಗಿ ಯಾರೂ ನಿಲ್ಲಬಾರದು, ಮಕ್ಕಳಂತೂ ಅಲ್ಲಿ ಸುಳಿಯಲೇಬಾರದು. ಹಗ್ಗ ಜಾರಿದರೆ ಎದುರಿಗಿದ್ದವನು ದೋಣಿಯಡಿಯಲ್ಲೇ.

ಬೋರಲಾದ ಮೇಲೆ ಅಂಚು ನೆಲದಿಂದ ಒಂದು ಗೇಣು ಮೇಲಿರಲಿ. ಒಳಗೆ ಗಾಳಿಯಾಡಬೇಕು. ಮರದ ತೇವ ಸುಮಾರು ನೂರಕ್ಕೆ 20 ದಾಟಿದರೆ ಕೊಳೆಸುವ ಬೂಷ್ಟಿಗೆ ದಾರಿ. ಬಣ್ಣದ ಡಬ್ಬಿ ತೆರೆಯುವ ಮೊದಲು ಚಾಕುವಿನ ತುದಿಯಿಂದ ಸಂದುಗಳ ಪಕ್ಕ ಚುಚ್ಚಿ ನೋಡಿ. ಗಟ್ಟಿ ಮರ ತಡೆಯುತ್ತದೆ. ಕೊಳೆತ ಕಡೆ ಚಾಕು ಸುಮ್ನೆ ಇಳಿಯುತ್ತದೆ, ಕಪ್ಪು ಪುಡಿ ಬರುತ್ತದೆ. ಅದರ ಮೇಲೆ ಬಣ್ಣ ಬಳಿದು ಮುಚ್ಚಬೇಡಿ, ಆ ಹಲಗೆ ಬದಲಿಸಿ.

ಪ್ರಶ್ನೆ: ಲಕ್ಕವಳ್ಳಿಯಲ್ಲಿದ್ದೇವೆ. ಮರ ಕೊರೆಯುವ ಹುಳುವಿಗೆ ಕಡಲ ದೋಣಿಯ ವಿಷದ ಬಣ್ಣ ತರಿಸಬೇಕಾ?

ಉತ್ತರ: ಬೇಡ. ಆ ಹುಳುವಿನ ಕಾಟ ಉಪ್ಪುನೀರಿನದು. ಭದ್ರಾ ಹಿನ್ನೀರಿನಲ್ಲಿ ನಿಮ್ಮ ಶತ್ರು ಕೊಳೆತ.

ಪ್ರಶ್ನೆ: ಗ್ಯಾರೇಜಿನ ಸುಟ್ಟ ಆಯಿಲ್ ಹಚ್ಚಿದರೆ?

ಉತ್ತರ: ಮುಂದೆ ಬಣ್ಣ ಹಿಡಿಯುವುದಿಲ್ಲ. ಮೀನಿರುವ ನೀರಿಗೆ ಅದನ್ನು ಬಿಡುವ ಮನಸ್ಸಾದರೂ ಹೇಗೆ ಬರುತ್ತದೆ?

ಪ್ರಶ್ನೆ: ಹಳೆ ದೋಣಿಗೆ ಫೈಬರ್ ಹೊದಿಸಿದರೆ ಇನ್ನು ಸೋರುವುದೇ ಇಲ್ಲ ಅಂತ ಒಬ್ಬರು ಗ್ಯಾರಂಟಿ ಕೊಡುತ್ತಿದ್ದಾರೆ.

ಉತ್ತರ: ಮರದ ತೇವ ನೋಡದೆ ಗ್ಯಾರಂಟಿ ಕೊಡುವವರನ್ನು ಹತ್ತಿರ ಸೇರಿಸಬೇಡಿ. ಒದ್ದೆ ಮರದ ಮೇಲೆ ಫೈಬರ್ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ. ಹೊರಗೆ ಹೊಳಪು, ಒಳಗೆ ಕೊಳೆತ. ಸಂದಿಗೆ ಸಿಮೆಂಟ್ ಮೆತ್ತುವವರಿಗೂ ಇದೇ ಮಾತು. ಮರ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಹಾಗಲ್ಲ, ಉದುರುತ್ತದೆ. ಸಂದಿಗೆ ಹತ್ತಿಯ ಎಳೆ ತುಂಬಿಸಿ.

ಪ್ರಶ್ನೆ: ಬಣ್ಣ ಹೊಡೆದು ನೀರಿಗೆ ಇಳಿಸಿದ ದಿನವೇ ಸೋರುತ್ತಿದೆಯಲ್ಲ?

ಉತ್ತರ: ಒಣಗಿದ ಹಲಗೆ ನೀರು ಕುಡಿದು ಹಿಗ್ಗಬೇಕು. ಎರಡು ದಿನ ದಡಕ್ಕೆ ಕಟ್ಟಿಹಾಕಿ, ನೀರು ಮೊಗೆಯುತ್ತಿರಿ. ಆಗಲೂ ನಿಲ್ಲದಿದ್ದರೆ ಸೋರುವ ಜಾಗಕ್ಕೆ ಗುರುತು ಹಾಕಿ ಮತ್ತೆ ಮೇಲಕ್ಕೆಳೆಯಿರಿ. ಅಲ್ಲಿಯವರೆಗೆ ಯಾರನ್ನೂ ಹತ್ತಿಸಿಕೊಳ್ಳಬೇಡಿ.