ಆಫ್ ಮಾಡಿದರೂ ಮಿಣುಕುವ ಬಲ್ಬ್

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮದು ಹಳೇ ಮನೆ. ಸ್ಮಾರ್ಟ್ ಸ್ವಿಚ್ ಹಾಕಿಸಿದೆ. ಆಫ್ ಮಾಡಿದರೂ ಜಗಲಿಯ ಎಲ್‌ಇಡಿ ಮಿಣುಕುತ್ತದೆ. ಯಾಕೆ?

ಉತ್ತರ: ನಿಮ್ಮದು ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಬೇಡದ ಸ್ವಿಚ್ ಇರಬೇಕು. ಅದು ಫೋನಿನ ಆದೇಶಕ್ಕೆ ಸದಾ ಎಚ್ಚರವಾಗಿರಲು ಬಲ್ಬಿನ ಮೂಲಕವೇ ಚೂರು ಕರೆಂಟ್ ಎಳೆಯುತ್ತದೆ. ಹಳೇ 60 ವ್ಯಾಟ್ ಬಲ್ಬಿಗೆ ಅದು ಲೆಕ್ಕಕ್ಕೇ ಇಲ್ಲ. 9 ವ್ಯಾಟ್ ಎಲ್‌ಇಡಿ ಮಿಣುಕಲು ಅಷ್ಟೇ ಸಾಕು. ಆ ಚೂರು ಕರೆಂಟಿಗೆ ಬೇರೆ ದಾರಿ ಕೊಡಲು ಸ್ವಿಚ್ಚಿನ ಜೊತೆ ಬರುವ ಕೆಪಾಸಿಟರ್ ಎಂಬ ಪುಟ್ಟ ಬಿಡಿಭಾಗವನ್ನು ಹೋಲ್ಡರ್‌ನ ಎರಡು ವೈರಿಗೆ ಅಡ್ಡಲಾಗಿ ಕೂರಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಸೋಮವಾರಪೇಟೆಯ ನಮ್ಮ ಮನೆಯಲ್ಲೂ ಇದೇ ಗೋಳು. ಬೋರ್ಡ್ ಬಿಚ್ಚಿದರೆ ಕೆಂಪು ವೈರ್ ಎರಡೇ, ನ್ಯೂಟ್ರಲ್ ಇಲ್ಲ, ಜೊತೆಗೊಂದು ಇರುವೆ ಗೂಡು! ಕಡೆಗೆ ಪೈಪಿನಲ್ಲಿ ಕಪ್ಪು ವೈರ್ ಎಳೆಸಿ ನ್ಯೂಟ್ರಲ್ ತಂದೆ. ಖರ್ಚು ಜಾಸ್ತಿ, ಆದರೆ ನನ್ನ ಕೇಳಿದರೆ ಅದೇ ಸರಿ. ಎಲೆಕ್ಟ್ರಿಷಿಯನ್ ಬಂದಾಗ ಮೇನ್ ಜೊತೆ ಇನ್ವರ್ಟರನ್ನೂ ಆಫ್ ಮಾಡಿ. ಅದನ್ನೇ ಎಲ್ಲರೂ ಮರೆಯೋದು.